‘ದಿ ಕಿಡ್ಸ್ ಆರ್ ಆಲ್ ರೈಟ್’ ಚಿತ್ರಕ್ಕೆ ಒಂದೂ ಆಸ್ಕರ್ ಏಕೆ ಸಿಗಲಿಲ್ಲ?
ಪೈಪೋಟಿಯೇ ಹಾಗಿತ್ತು. ಲಿಸಾ ಚೊಲೊಡೆಂಕೊ ನಿರ್ದೇಶನದ ಈ 2010ರ ಚಿತ್ರದಲ್ಲಿ ತಾಯಂದಿರು ಇಬ್ಬರು, ಸಲಿಂಗಿ ದಂಪತಿಯಾದ ನಿಕ್ (ಆನೆಟ್ ಬೆನಿಂಗ್) ಮತ್ತು ಜೂಲ್ಸ್ (ಜೂಲಿಯಾನ್ ಮೂರ್). ಹದಿಹರೆಯದ ಮಕ್ಕಳು ವೀರ್ಯದಾನಿ ಪಾಲ್‌ನನ್ನು ಹುಡುಕಿದಾಗ ಸಂಸಾರ ಅಲುಗಾಡುತ್ತದೆ. ಆಸ್ಕರ್‌ಗೆ ನಾಲ್ಕು ನಾಮನಿರ್ದೇಶನಗಳು ದೊರೆತವು: ಅತ್ಯುತ್ತಮ ಚಿತ್ರ, ನಟಿ (ಆನೆಟ್ ಬೆನಿಂಗ್), ಪೋಷಕ ನಟ (ಮಾರ್ಕ್ ರಫಲೋ), ಮೂಲ ಚಿತ್ರಕಥೆ.

ಚಿತ್ರ ಮತ್ತು ಚಿತ್ರಕಥೆಯ ಪ್ರಶಸ್ತಿಗಳು ‘ದಿ ಕಿಂಗ್ಸ್ ಸ್ಪೀಚ್’ ಪಾಲಾದವು. ಪೋಷಕ ನಟ ಪ್ರಶಸ್ತಿ ಕ್ರಿಶ್ಚಿಯನ್ ಬೇಲ್‌ಗೆ ಹೋಯಿತು. ನಿಜವಾದ ಆಸೆ ಇದ್ದದ್ದು ಬೆನಿಂಗ್ ಮೇಲೆ. ಪಾಲ್‌ನ ಮನೆಯ ಊಟದ ನಡುವೆ ನಿಕ್ ಸ್ನಾನದ ಕೋಣೆಗೆ ಹೋಗಿ ಜೂಲ್ಸ್‌ಳ ಕೂದಲನ್ನು ಕಾಣುತ್ತಾಳೆ; ಜೂಲ್ಸ್‌ಗೂ ಪಾಲ್‌ಗೂ ಸಂಬಂಧವಿರುವುದು ಅವಳಿಗೆ ಆಗ ತಿಳಿಯುತ್ತದೆ. ಮರಳಿ ಮೇಜಿಗೆ ಬಂದಾಗ ಸುತ್ತಲಿನ ಮಾತೆಲ್ಲ ಮಂಕಾಗಿ, ಅವಳ ಮುಖವೊಂದೇ ಉಳಿಯುತ್ತದೆ. ಅದೊಂದು ದೃಶ್ಯಕ್ಕೇ ಪ್ರಶಸ್ತಿ ಕೊಡಬಹುದಿತ್ತು ಎನ್ನುವವನು ನಾನು. ಆದರೆ ‘ಬ್ಲ್ಯಾಕ್ ಸ್ವಾನ್’ನ ನಟಾಲಿ ಪೋರ್ಟ್‌ಮನ್ ಗೆದ್ದರು. ದೇಹ ದಂಡಿಸಿಕೊಂಡು ಮಾಡಿದ ಪಾತ್ರದ ಎದುರು ಸದ್ದಿಲ್ಲದ ಅಭಿನಯ ಗೆಲ್ಲುವುದು ಅಪರೂಪ.

ಹಾಗೆಂದು ಚಿತ್ರ ಬರಿಗೈಯಲ್ಲಿ ಉಳಿಯಲಿಲ್ಲ. ಹಾಸ್ಯ ಅಥವಾ ಸಂಗೀತ ವಿಭಾಗದಲ್ಲಿ ಎರಡು ಗೋಲ್ಡನ್ ಗ್ಲೋಬ್ ಬಂದವು, ಒಂದು ಚಿತ್ರಕ್ಕೆ, ಇನ್ನೊಂದು ಬೆನಿಂಗ್‌ಗೆ. ಬರ್ಲಿನ್‌ನಲ್ಲಿ ಸಲಿಂಗಿ ಬದುಕಿನ ಚಿತ್ರಗಳಿಗೆ ಅಲ್ಲಿನ ಚಿತ್ರೋತ್ಸವದಲ್ಲಿ ಕೊಡುವ ಟೆಡ್ಡಿ ಪ್ರಶಸ್ತಿಯೂ ಸಿಕ್ಕಿತ್ತು. ನನ್ನ ತಕರಾರು ಬೇರೆಯೇ: ಚಿತ್ರದ ಅರ್ಧ ಭಾರ ಹೊತ್ತ ಜೂಲಿಯಾನ್ ಮೂರ್ ಹೆಸರು ಆಸ್ಕರ್ ನಾಮನಿರ್ದೇಶನದ ಪಟ್ಟಿಯಲ್ಲೇ ಇರಲಿಲ್ಲ.