ಕಾಡು ಸುಟ್ಟ ಮೇಲೆ ಹೊಳೆಯ ನೀರು ಹೆಚ್ಚುವುದೇ, ಇಳಿಯುವುದೇ?

ಕಾಡ್ಗಿಚ್ಚಿನ ನಂತರ ಮೆಲ್ಬರ್ನ್ ನಗರದ ಹೊಳೆಗಳ ನೀರು ಅರ್ಧಕ್ಕೆ ಇಳಿಯುತ್ತದೆಂದು ವಿಜ್ಞಾನಿಯೊಬ್ಬರು ತೋರಿಸಿದ್ದಾಗಿ ಓದಿದ ತಾವು, ನೀರು ಹೀರುವ ಮರಗಳೇ ಸತ್ತರೆ ಹೊಳೆಯಲ್ಲಿ ನೀರು ಹೆಚ್ಚಬೇಕಲ್ಲವೇ, 2019ರ ಬಂಡೀಪುರದ ಬೆಂಕಿಗೂ ಇದೇ ಲೆಕ್ಕ ಸಲ್ಲುವುದೇ ಎಂದು ಕೇಳಿದ್ದೀರಿ. ವಿಕ್ಟೋರಿಯಾ ರಾಜ್ಯದ ಬೆಟ್ಟಗಳಲ್ಲಿ ಕೆಲವು ವರ್ಷ ಇದೇ ವಿಷಯದ ಮೇಲೆ ಕೆಲಸ ಮಾಡಿದವನಾದ್ದರಿಂದ ಉತ್ತರಿಸುತ್ತಿದ್ದೇನೆ. ತಮ್ಮ ತರ್ಕ ತಪ್ಪಲ್ಲ; ಆದರೆ ಅದು ಸಾಮಾನ್ಯವಾಗಿ ಬೆಂಕಿಯ ನಂತರದ ಮೊದಲ ಕೆಲವು ವರ್ಷಗಳಿಗಷ್ಟೇ ಸಲ್ಲುತ್ತದೆ.

ತಾವು ಓದಿದ್ದು ಜಾರ್ಜ್ ಕುಚೇರಾ ಅವರ ಸಂಶೋಧನೆಯ ಬಗ್ಗೆ ಇರಬೇಕು. 1939ರ ಜನವರಿ 13ರ ಶುಕ್ರವಾರ ವಿಕ್ಟೋರಿಯಾದಲ್ಲಿ ಎದ್ದ ಬೆಂಕಿ, ಮೆಲ್ಬರ್ನಿಗೆ ಕುಡಿಯುವ ನೀರು ಕೊಡುವ ಬೆಟ್ಟಗಳ ಮೌಂಟನ್ ಆ್ಯಶ್ ಕಾಡಿನ ದೊಡ್ಡ ಭಾಗವನ್ನು ಕೊಂದಿತು. ಈ ಮರ ನಮ್ಮ ನೀಲಗಿರಿಯ ಹತ್ತಿರದ ನೆಂಟ, ಜಗತ್ತಿನ ಅತಿ ಎತ್ತರದ ಮರಗಳಲ್ಲಿ ಒಂದು. ಇಷ್ಟು ಎತ್ತರದ ಮರವಾದರೂ ಜೋರಾದ ಬೆಂಕಿಯನ್ನು ತಡೆದುಕೊಳ್ಳಲಾರದು. ನಿಂತಲ್ಲೇ ಸತ್ತು, ಬೂದಿಯ ಮೇಲೆ ಬೀಜ ಸುರಿಸಿ, ಒಂದೇ ವಯಸ್ಸಿನ ಸಸಿಗಳ ದಟ್ಟ ಹಿಂಡಾಗಿ ಮತ್ತೆ ಹುಟ್ಟುತ್ತದೆ. ನಗರದ ಜಲಮಂಡಳಿ ಆ ಹೊಳೆಗಳ ಹರಿವನ್ನು ಬೆಂಕಿಗೆ ಮೊದಲಿನಿಂದಲೂ ಅಳೆಯುತ್ತಿದ್ದುದು ವಿಜ್ಞಾನದ ಅದೃಷ್ಟ. ಕಾಡು ಮತ್ತೆ ಹಸುರಾದಂತೆಲ್ಲ ಹೊಳೆ ಸೊರಗುತ್ತ ಬಂದಿತ್ತೆಂಬುದನ್ನು ಲ್ಯಾಂಗ್‌ಫರ್ಡ್ ಎಂಬುವರು 1976ರಲ್ಲಿ ಪ್ರಕಟಿಸಿದರು. ಕುಚೇರಾ ಅವರು 1980ರ ದಶಕದಲ್ಲಿ ಹಲವು ಜಲಾನಯನಗಳ ದಾಖಲೆಗಳನ್ನು ಒಟ್ಟಿಗೆ ಇಟ್ಟು, ಕಾಡಿನ ವಯಸ್ಸಿಗೂ ಹೊಳೆಯ ಹರಿವಿಗೂ ಇರುವ ಸಂಬಂಧವನ್ನು ಒಂದು ವಕ್ರರೇಖೆಯಾಗಿ ಎಳೆದರು. ವರ್ಷಕ್ಕೆ ಸುಮಾರು 1800 ಮಿಲಿಮೀಟರ್ ಮಳೆ ಬೀಳುವ ಆ ಸೀಮೆಯಲ್ಲಿ, ಹಳೆಯ ಕಾಡಿನಿಂದ ಹೊಳೆಗೆ ಇಳಿಯುತ್ತಿದ್ದ ನೀರು ಸುಮಾರು 1195 ಮಿಲಿಮೀಟರ್; ಕಾಡಿಗೆ 27 ವರ್ಷ ತುಂಬುವ ಹೊತ್ತಿಗೆ ಅದು 580ರ ಆಸುಪಾಸಿಗೆ ಇಳಿಯುತ್ತದೆ; ಮೊದಲಿನ ಮಟ್ಟಕ್ಕೆ ಏರಲು 150 ವರ್ಷದವರೆಗೂ ಬೇಕಾಗಬಹುದು.

ಎಳೆಯ ಕಾಡು ಇಷ್ಟು ನೀರು ಕುಡಿಯುವುದೇಕೆ ಎಂಬುದಕ್ಕೆ ಉತ್ತರ ಮರದ ಒಳಗೇ ಇದೆ. ಕಾಂಡಕ್ಕೆ ಟೊಳ್ಳು ಬೈರಿಗೆಯನ್ನು ತಿರುಗಿಸಿ ಹೊರಗೆಳೆದರೆ ಪೆನ್ಸಿಲಿಗಿಂತ ತೆಳುವಾದ ಮರದ ಕಡ್ಡಿಯೊಂದು ಬರುತ್ತದೆ. ಅದನ್ನು ಬೆಳಕಿಗೆ ಹಿಡಿದಾಗ ತೊಗಟೆಯ ಕಡೆಯ ಒದ್ದೆ ಭಾಗದಲ್ಲಿ ಬೆಳಕು ಹಾಯುತ್ತದೆ, ಚೇಗಿನ, ಅಂದರೆ ಕಾಂಡದ ನಡುವಿನ ಗಟ್ಟಿ ಮರದ, ಭಾಗ ಮಂಕಾಗಿ ಕಾಣುತ್ತದೆ. ನೀರು ಏರುವುದು ಚೇಗಿನ ಸುತ್ತಲಿನ ಆ ಒದ್ದೆ ಪಟ್ಟಿಯಲ್ಲಿ ಮಾತ್ರ. ಮುದಿ ಮರದ ಸುತ್ತಳತೆ ಎಷ್ಟೇ ಇರಲಿ, ಬಹುಪಾಲು ಚೇಗೇ. ರಸ ಏರುವ ವೇಗ ಎಳೆಯ ಮರಕ್ಕೂ ಹಳೆಯದಕ್ಕೂ ಹೆಚ್ಚು ಬೇರೆಯಲ್ಲ. ಆದರೆ ಒಂದು ಹೆಕ್ಟೇರಿನಲ್ಲಿರುವ ಎಲ್ಲ ಕಾಂಡಗಳ ಒದ್ದೆ ಪಟ್ಟಿಗಳನ್ನು ಕೂಡಿಸಿದರೆ ಎಳೆಯ ಕಾಡಿನದೇ ಬಹಳ ಹೆಚ್ಚು. ಎಲೆಗಳ ಒಟ್ಟು ಹರವೂ ಹಾಗೆಯೇ. ರಾಬ್ ವರ್ಟೆಸಿ ಮತ್ತು ಸಂಗಡಿಗರು ಇದನ್ನು ಅಳೆದು ತೋರಿಸಿದ ಮೇಲೆ ಕುಚೇರಾ ಅವರ ರೇಖೆಗೆ ಕಾರಣದ ಬೆಂಬಲ ಸಿಕ್ಕಿತು. ಅಂಕಿಗಳಿಂದಲೇ ಹುಟ್ಟಿದ ಆ ರೇಖೆಗಿಂತ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಈ ಎರಡನೆಯ ಕೆಲಸವೇ.

ಇದಿಷ್ಟೂ ನೀರಿನ ಪ್ರಮಾಣದ ಮಾತು. ಮೊದಲ ಮಳೆಗಾಲದಲ್ಲಿ ಎದುರಾಗುವ ತೊಂದರೆ ಬೇರೆಯದು. ಸುಟ್ಟ ನೆಲದ ಮೇಲಿನ ಬೂದಿಯನ್ನು ಸವರಿ, ಕೆಳಗಿನ ಮಣ್ಣಿಗೆ ಒಂದು ಹನಿ ನೀರು ಬಿಟ್ಟು ಗಡಿಯಾರ ನೋಡುವುದು ನಮ್ಮ ನಿತ್ಯದ ಪರೀಕ್ಷೆ. ಹನಿ ಐದು ಸೆಕೆಂಡಿನೊಳಗೆ ಇಂಗಬೇಕು. ಕೆಲವೆಡೆ ಅದು ಕೆಸುವಿನ ಎಲೆಯ ಮೇಲಿನ ಹನಿಯಂತೆ ದುಂಡಗೆ ನಿಮಿಷಗಟ್ಟಲೆ ಕೂತಿರುತ್ತದೆ. ತರಗೆಲೆಯ ಮೇಣದಂಥ ಅಂಶಗಳು ಬೆಂಕಿಯ ಶಾಖಕ್ಕೆ ಆವಿಯಾಗಿ, ಕೆಳಗಿನ ತಂಪು ಮಣ್ಣಿನ ಕಣಗಳಿಗೆ ಲೇಪವಾಗುವುದರಿಂದ ಹೀಗಾಗುತ್ತದೆ ಎಂದು ಕ್ಯಾಲಿಫೋರ್ನಿಯಾದಲ್ಲಿ ಲೆನರ್ಡ್ ಡಿಬ್ಯಾನೊ ಅವರು 1960ರ ದಶಕದಿಂದಲೇ ವಿವರಿಸಿದ್ದರು. ಇಂಗದ ಮಳೆ ಬೂದಿ ಮಣ್ಣನ್ನೆಲ್ಲ ಬಾಚಿಕೊಂಡು ಹೊಳೆಗೆ ಇಳಿಯುತ್ತದೆ. 2003ರ ಬೆಂಕಿಯ ನಂತರ ಕ್ಯಾನ್‌ಬೆರಾದ ಕಾಟರ್ ಜಲಾಶಯಗಳ ನೀರು ಎಷ್ಟು ಕದಡಿತೆಂದರೆ, ಆ ನಗರ ಸ್ಟ್ರೋಮ್ಲೊ ಬೆಟ್ಟದಲ್ಲಿ ಹೊಸ ಶುದ್ಧೀಕರಣ ಘಟಕವನ್ನೇ ಕಟ್ಟಬೇಕಾಯಿತು.

ಬಂಡೀಪುರದ ಕತೆ ಬೇರೆ. ಅಲ್ಲಿನ ಎಲೆಯುದುರುವ ಕಾಡಿನಲ್ಲಿ ಹೆಚ್ಚಾಗಿ ಹರಡುವುದು ಒಣಹುಲ್ಲು, ತರಗೆಲೆ, ಲಂಟಾನದ ಮೇಲೆ ಸಾಗುವ ನೆಲಬೆಂಕಿ; ಮತ್ತಿ, ದಿಂಡಿಗ, ತೇಗದಂಥ ಬಲಿತ ಮರಗಳು ಬಹುಮಟ್ಟಿಗೆ ಬದುಕುಳಿದು ಮತ್ತೆ ಚಿಗುರುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಸೇರಿ 2003ರಿಂದ ಅಳೆಯುತ್ತ ಬಂದಿರುವ ಮೂಲೆಹೊಳೆಯ 4.1 ಚದರ ಕಿಲೋಮೀಟರ್ ಜಲಾನಯನದಲ್ಲಿ, ಮಳೆಯ ಬಹುಪಾಲು ಮರ ಮತ್ತು ಮಣ್ಣಿನಿಂದ ಆವಿಯಾಗಿಯೇ ಹೋಗುತ್ತದೆ, ಹೊಳೆ ಹರಿಯುವುದು ಮಳೆಗಾಲದಲ್ಲಿ ಮಾತ್ರ. ಒಂದೇ ವಯಸ್ಸಿನ ಸಸಿಗಳ ಕಾಡು ಅಲ್ಲಿ ಏಳುವುದಿಲ್ಲವಾದ್ದರಿಂದ ಅರ್ಧಕ್ಕೆ ಇಳಿಯುವ ಮೆಲ್ಬರ್ನಿನ ಲೆಕ್ಕವನ್ನು ಅಲ್ಲಿಗೆ ಹಚ್ಚಲಾಗದು. ತಮಗೆ ಆಸಕ್ತಿಯಿದ್ದರೆ, ಬೆಂಕಿ ಬಿದ್ದ ವರ್ಷದ ಮೊದಲ ಜೋರು ಮಳೆಗಳಲ್ಲಿ ಕಾಡಂಚಿನ ಕೆರೆಗಳಿಗೆ ಎಷ್ಟು ಹೂಳು ಇಳಿಯಿತೆಂಬುದನ್ನು ಗಮನಿಸಿ.