ಮಣ್ಣುಗೋಡೆಯ ಮನೆಗೆ ಎಂಥ ತಿಜೋರಿ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಹಳೆಯ ಹಂಚಿನ ಮನೆ. ಹೊರಗೋಡೆಗಳು ಜಂಬಿಟ್ಟಿಗೆಯವು, ಒಳಗೋಡೆಗಳು ಮಣ್ಣಿನವು, ಮೇಲೆ ಹಲಗೆಯ ಅಟ್ಟವಿದೆ. ಮನೆಯಲ್ಲಿ ನಾವು ಗಂಡ ಹೆಂಡತಿ ಇಬ್ಬರೇ ಇರುವುದು. ಒಡವೆ, ಜಮೀನಿನ ಪತ್ರಗಳು ಮತ್ತು ಅಡಿಕೆ ಮಾರಿದಾಗ ನಾಲ್ಕಾರು ದಿನ ಮನೆಯಲ್ಲಿ ಉಳಿಯುವ ಹಣಕ್ಕಾಗಿ ಒಂದು ತಿಜೋರಿ ಕೊಳ್ಳಬೇಕೆಂದಿದ್ದೇವೆ. ಬೆಂಗಳೂರಿನಲ್ಲಿರುವ ಮಗ 12 ಕಿಲೋ ತೂಕದ ಡಿಜಿಟಲ್ ಸೇಫ್ ಒಂದನ್ನು ನೋಡಿದ್ದಾನೆ. ಯಾರ ಕಣ್ಣಿಗೂ ಬೀಳದಂತೆ ಅಟ್ಟದ ಮೇಲಿಡೋಣ ಎನ್ನುತ್ತಾನೆ. ಇದು ಸರಿಯೇ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ತಿಜೋರಿ ಕೊಳ್ಳುವ ಯೋಚನೆ ಸರಿ. ಆದರೆ ಆ ಪೆಟ್ಟಿಗೆಯೂ ಬೇಡ, ಅಟ್ಟವೂ ಬೇಡ. ಅಡಿಕೆ ಮೂಟೆ ಹೊತ್ತು ರೂಢಿಯಿರುವ ನಮ್ಮ ಕಡೆಯಲ್ಲಿ 12 ಕಿಲೋ ಒಂದು ಭಾರವೇ ಅಲ್ಲ. ಕಳ್ಳ ಅದನ್ನು ಮನೆಯಲ್ಲಿ ಕುಳಿತು ತೆರೆಯುವ ಕಷ್ಟ ತೆಗೆದುಕೊಳ್ಳುವುದಿಲ್ಲ. ಎತ್ತಿಕೊಂಡು ಹೋಗಿ ತೋಟದಾಚೆ ಪುರಸೊತ್ತಿನಲ್ಲಿ ಒಡೆಯುತ್ತಾನೆ. ಅಟ್ಟದಲ್ಲಿ ಅದನ್ನು ಬಿಗಿಯಲು ಹಲಗೆಯಲ್ಲದೆ ಬೇರೇನೂ ಸಿಗುವುದಿಲ್ಲ, ಬೆಂಕಿ ಬಿದ್ದರೆ ಮೊದಲು ಕಾಯುವುದೂ ಮೊದಲು ಕುಸಿಯುವುದೂ ಅದೇ ಹಲಗೆ.

ಕೊಳ್ಳುವ ಮೊದಲು ಒಂದು ವಿಷಯವನ್ನು ತಿಳಿದಿರಬೇಕು. ಕಳ್ಳನನ್ನು ತಡೆಯುವ ಸೇಫ್ ಬೇರೆ, ಬೆಂಕಿಯನ್ನು ತಡೆಯುವ ಸೇಫ್ ಬೇರೆ. ಎರಡನ್ನೂ ತಕ್ಕಮಟ್ಟಿಗೆ ತಡೆಯುವವು ಇದ್ದರೂ ಅವುಗಳ ಬೆಲೆಯೂ ತೂಕವೂ ಹೆಚ್ಚು. ಮೊದಲ ಬಗೆಯದರಲ್ಲಿ ಬಾಗಿಲಿನ ಉಕ್ಕು ದಪ್ಪವಾಗಿದ್ದು, ಬೀಗದ ಮುಂದೆ ಡ್ರಿಲ್ ನಾಟದಂಥ ಗಟ್ಟಿ ತಗಡು ಇರುತ್ತದೆ. ಎರಡನೆಯದರಲ್ಲಿ ಎರಡು ತೆಳು ತಗಡುಗಳ ನಡುವೆ ಕಾಂಕ್ರೀಟಿನಂಥ ಮಿಶ್ರಣ ತುಂಬಿರುತ್ತದೆ. ಬಿಸಿ ತಾಗಿದಾಗ ಅದರೊಳಗಿನ ನೀರಿನಂಶ ಆವಿಯಾಗುತ್ತ ಒಳಗಿನ ತಾಪವನ್ನು ಏರಲು ಬಿಡುವುದಿಲ್ಲ. ಕಾಗದ ಹೊತ್ತಿಕೊಳ್ಳುವುದು ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಾಗದಪತ್ರಗಳಿಗೆಂದು ಪರೀಕ್ಷಿಸಿದ ಸೇಫಿನೊಳಗೆ ನಿಗದಿತ ಅವಧಿಯವರೆಗೆ, ಅದು 30 ನಿಮಿಷವಿರಲಿ 60 ನಿಮಿಷವಿರಲಿ, ತಾಪ 177 ಡಿಗ್ರಿ ಮೀರಬಾರದೆಂಬ ಅಳತೆಯೊಂದು ರೂಢಿಯಲ್ಲಿದೆ. ಪೆನ್ ಡ್ರೈವ್‌ನಂಥವು ಅಷ್ಟು ಬಿಸಿಯನ್ನೂ ತಾಳಲಾರವು. ಅಂಗಡಿಯಲ್ಲಿ ‘ಫೈರ್‌ಪ್ರೂಫ್’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಎಷ್ಟು ನಿಮಿಷ ಎಂಬುದು ಸೇಫಿನ ಮೇಲಿನ ಪಟ್ಟಿಯಲ್ಲಿ ಇರಬೇಕು. ಕಳ್ಳತನ ತಡೆಯುವ ಸೇಫ್‌ಗಳಿಗೆ ಐಎಸ್ 550 ಎಂಬ ಭಾರತೀಯ ಮಾನಕವಿದೆ, ಅದನ್ನೂ ಕೇಳಿ. ಮನೆಯ ಬೀರುವಿನೊಳಗೇ ಇರುವ ಸಣ್ಣ ಲಾಕರ್ ಇವೆರಡರ ಲೆಕ್ಕಕ್ಕೂ ಬರುವುದಿಲ್ಲ. ಬೀರುವಿನ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ.

ತಮ್ಮ ಮನೆಯಲ್ಲಿ ನಿಜವಾದ ತೊಡಕು ಇರುವುದು ಅಳವಡಿಕೆಯಲ್ಲಿ. ಮಣ್ಣುಗೋಡೆಗೆ ಬೋಲ್ಟ್ ಹಿಡಿಯುವುದೇ ಇಲ್ಲ. ಜಂಬಿಟ್ಟಿಗೆಗೆ ಹಿಡಿದಂತೆ ಕಂಡರೂ, ಬಿಗಿದಾಗ ಆಂಕರ್ ಬೋಲ್ಟಿನ ತುದಿ ಅರಳಿ ಅಕ್ಕಪಕ್ಕದ ಕಲ್ಲನ್ನು ಒತ್ತುವುದರಿಂದ, ರಂಧ್ರಗಳಿಂದ ತುಂಬಿದ ಆ ಕಲ್ಲು ಪುಡಿಯಾಗಿ ಕೆಲವೇ ದಿನಗಳಲ್ಲಿ ಸಡಿಲಾಗುತ್ತದೆ. ಆದ್ದರಿಂದ ಗೋಡೆಯನ್ನು ಮರೆತು ನೆಲವನ್ನು ನಂಬಿ. ಮಲಗುವ ಕೋಣೆಯ ಒಳಮೂಲೆಯಲ್ಲಿ, ಹೊರಗೋಡೆಗೆ ತಾಗದಂಥ ಕಡೆ, ಸೇಫಿನ ತಳಕ್ಕಿಂತ ಸುತ್ತಲೂ ಅರ್ಧ ಅಡಿ ಹೆಚ್ಚು ಅಗಲಕ್ಕೆ ನೆಲವನ್ನು ಅಗೆಸಿ, ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಹದದಲ್ಲಿ ಒಂಬತ್ತು ಇಂಚು ದಪ್ಪದ ಕಾಂಕ್ರೀಟ್ ಹಾಕಿಸಿ. ಕನಿಷ್ಠ ಏಳು ದಿನ ಅದಕ್ಕೆ ನೀರುಣಿಸಬೇಕು; ಬೋಲ್ಟ್ ಕೂರಿಸಲು 28 ದಿನ ಕಾಯುವುದು ಮೇಲು. ಮೇಸ್ತ್ರಿಗಳು ಮೂರೇ ದಿನಕ್ಕೆ ಸಾಕು ಎನ್ನುತ್ತಾರೆ, ಒಪ್ಪಬೇಡಿ.

ಸೇಫಿನ ತಳದಲ್ಲಿ ತಯಾರಕರೇ ಬಿಟ್ಟ ತೂತುಗಳ ಮೂಲಕ, ಒಳಗಿನಿಂದ, 12 ಮಿಲಿಮೀಟರ್ ಬೋಲ್ಟುಗಳನ್ನು ಬಿಗಿಸಬೇಕು. ಡ್ರಿಲ್ ಮಾಡಿದ ಮೇಲೆ ತೂತಿನ ಧೂಳನ್ನು ಪೂರ್ತಿ ಊದಿ ತೆಗೆಯದಿದ್ದರೆ ಎಂಥ ಬೋಲ್ಟೂ ನಿಲ್ಲುವುದಿಲ್ಲ. ಬೆಂಕಿ ತಡೆಯುವ ಸೇಫಿಗೆ ತಾವಾಗಿ ಹೊಸ ತೂತು ಕೊರೆಸಕೂಡದು, ಅಲ್ಲಿಂದಲೇ ಬಿಸಿ ಒಳನುಗ್ಗುತ್ತದೆ. ಪಕ್ಕದ ಗೋಡೆಗೂ ಸೇಫಿಗೂ ನಡುವೆ ಎರಡು ಬೆರಳಿನಷ್ಟು ಗಾಳಿಯಾಡುವ ಸಂದು ಸಾಕು. ಹೆಚ್ಚು ಬಿಟ್ಟರೆ ಹಾರೆ ಹಾಕಿ ಮೀಟಲು ಜಾಗ ಕೊಟ್ಟಂತೆ. ಹಳ್ಳಿಯಲ್ಲಿ ಗೂಡ್ಸ್ ಆಟೊ ಮನೆಯ ಮುಂದೆ ನಿಂತರೆ ಏನು ಬಂತೆಂದು ನಾಲ್ಕು ಮನೆಗೆ ತಿಳಿಯುತ್ತದೆ. ರಟ್ಟಿನ ಪೆಟ್ಟಿಗೆಯನ್ನು ಅಂಗಳದಲ್ಲಿ ಬಿಚ್ಚಬೇಡಿ.

ಇನ್ನು ಮಳೆಗಾಲ. ಮಲೆನಾಡಿನವರ ಪತ್ರಗಳಿಗೆ ಕಳ್ಳನಿಗಿಂತ ಶೀತದ ಕಾಟ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಬೆಂಕಿ ತಡೆಯುವ ಸೇಫಿನ ಗೋಡೆಯೊಳಗಿನ ನೀರಿನಂಶ ಮಾಮೂಲಿ ದಿನಗಳಲ್ಲೂ ಅಲ್ಪಸ್ವಲ್ಪ ಹೊರಬರುತ್ತಿರುತ್ತದೆ; ಬಾಗಿಲು ಬಿಗಿಯಾಗಿ ಮುಚ್ಚಿ ಆಷಾಢ, ಶ್ರಾವಣ ಕಳೆದರೆ ಕ್ರಯಪತ್ರದ ಮಡಿಕೆಗಳಲ್ಲಿ ಬೂಷ್ಟು ಹಿಡಿದಿರುತ್ತದೆ. ಪತ್ರಗಳನ್ನು ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಜೊತೆಗೆ ಸಿಲಿಕಾ ಜೆಲ್ ಪೊಟ್ಟಣವಿಡಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಅದು ತೇವ ಹೀರಿ ತಣಿದಿದೆ ಎಂದರ್ಥ. ಅಡುಗೆಗೆ ಬಳಸದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಬಿಸಿಲು ಬಿದ್ದ ದಿನ ಅರ್ಧ ಗಂಟೆ ಬಾಗಿಲು ತೆರೆದಿಡಿ. ಬೂಷ್ಟಿಗೆ ಹೆದರಿ ಮೂಲಪತ್ರಗಳಿಗೆ ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ. ಪಹಣಿಯನ್ನು ಯಾವಾಗ ಬೇಕಾದರೂ ಭೂಮಿ ತಂತ್ರಾಂಶದಿಂದ ಪಡೆಯಬಹುದಾದ್ದರಿಂದ ಅದಕ್ಕೆ ಸೇಫಿನಲ್ಲಿ ಜಾಗ ಬೇಕಿಲ್ಲ. ನೋಂದಾಯಿತ ಕ್ರಯಪತ್ರದ ದೃಢೀಕೃತ ನಕಲು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಸಿಗುತ್ತದೆಯಾದರೂ ಸಾಲಕ್ಕೆ ಬ್ಯಾಂಕು ಮೂಲವನ್ನೇ ಕೇಳುತ್ತದೆ. ಒಳಗೆ ಇರಬೇಕಾದದ್ದು ಅದು ಮತ್ತು ಉಯಿಲು.

ಪ್ರಶ್ನೆ: ಡಿಜಿಟಲ್ ಬೀಗ ಒಳ್ಳೆಯದೋ, ಕೀಲಿಕೈಯ ಬೀಗವೋ?
– ಗೃಹಿಣಿ, ವಿನೋಬನಗರ, ಶಿವಮೊಗ್ಗ

ಉತ್ತರ: ಮನೆಯಲ್ಲಿ ವಯಸ್ಸಾದವರೇ ಇದ್ದರೆ ಕೀಲಿಕೈಯದು, ಹಲವರು ಬಳಸುವುದಾದರೆ ಡಿಜಿಟಲ್. ಡಿಜಿಟಲ್ ಆರಿಸಿದರೆ ಅಂದೇ ಕಾರ್ಖಾನೆಯ ಸಂಖ್ಯೆಯನ್ನು ಬದಲಿಸಿ. ಬ್ಯಾಟರಿಗಳನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲೇ ಬದಲಿಸಿ, ಏಕೆಂದರೆ ಹಳೆಯವು ಸೋರಿ ಒಳಗಿನ ತಂತಿಗಳನ್ನು ತಿಂದುಹಾಕುತ್ತವೆ. ತುರ್ತಿಗೆಂದು ಕೊಟ್ಟ ಕೀಲಿಕೈಯನ್ನು ಸೇಫಿನೊಳಗೇ ಇಟ್ಟು ಬಾಗಿಲು ಹಾಕುವವರು ಬಹಳ ಮಂದಿ. ಅಗ್ಗದ ಕೆಲವು ಮಾದರಿಗಳು, ನೆಲಕ್ಕೆ ಬಿಗಿಯದಿದ್ದಾಗ, ಜೋರಾಗಿ ಕುಲುಕಿದರೂ ತೆರೆದುಕೊಳ್ಳುತ್ತವೆ.

ಪ್ರಶ್ನೆ: ಬ್ಯಾಂಕ್ ಲಾಕರ್ ಇರುವಾಗ ಇದೆಲ್ಲ ಏಕೆ?
– ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ವರ್ಷಕ್ಕೆರಡು ಬಾರಿ ತೊಡುವ ಒಡವೆಗೆ ಲಾಕರೇ ಸರಿ. ಆದರೆ ಅಲ್ಲಿಟ್ಟ ಮಾತ್ರಕ್ಕೆ ಪೂರ್ತಿ ಬೆಲೆ ಕೈಸೇರುತ್ತದೆಂದು ತಿಳಿಯಬೇಡಿ. ರಿಸರ್ವ್ ಬ್ಯಾಂಕಿನ 2021ರ ನಿರ್ದೇಶನದ ಪ್ರಕಾರ ಬೆಂಕಿ, ಕಳ್ಳತನ, ಕಟ್ಟಡದ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟು. ಬಾಡಿಗೆ 2,000 ರೂಪಾಯಿಯಾದರೆ ಎರಡು ಲಕ್ಷ. ಚಿನ್ನದ ಈಗಿನ ದರದಲ್ಲಿ ಅದು ಎಷ್ಟಕ್ಕೆ ಸಾಲುತ್ತದೆಂದು ತಮಗೇ ಗೊತ್ತು. ಪ್ರವಾಹದಂಥ ನೈಸರ್ಗಿಕ ವಿಕೋಪಕ್ಕೆ, ಬ್ಯಾಂಕಿನ ನಿರ್ಲಕ್ಷ್ಯವಿಲ್ಲದಿದ್ದರೆ, ಅಷ್ಟೂ ಇಲ್ಲ. ಒಡವೆ ಲಾಕರಿನಲ್ಲಿರಲಿ ಮನೆಯಲ್ಲಿರಲಿ, ಅದಕ್ಕೆ ವಿಮೆ ಪ್ರತ್ಯೇಕವಾಗಿ ಬೇಕು. ಮನೆಯ ಬೆಂಕಿ ವಿಮೆಯಿದೆಯೆಂದು ಕಳ್ಳತನಕ್ಕೂ ಹಣ ಬರುತ್ತದೆಂದು ಭಾವಿಸದೆ, ಪಾಲಿಸಿಯಲ್ಲಿ ಕಳ್ಳತನದ ಭಾಗವೂ ಒಡವೆಗಳ ಪಟ್ಟಿಯೂ ಇವೆಯೇ ಎಂದು ನೋಡಿ. ರಸೀದಿಗಳನ್ನು ಒಡವೆಯ ಜೊತೆಗಲ್ಲದೆ ಬೇರೆ ಕಡೆ ಇಡಿ.