ಓದುಗರ ಪ್ರಶ್ನೆ: ಹಳೆಯ ಸ್ವಿಂಗ್ ಜಾಝ್ ಪ್ಲೇಟಿನಲ್ಲಿ ಯಾರು ಏನು ನುಡಿಸಿದ್ದಾರೆ?

ಪ್ರಶ್ನೆ: ಹಿಂದೂಸ್ತಾನಿ ಕೇಳುವ ನನಗೆ ಈಚೆಗೆ ಅಮೆರಿಕದ ಜಾಝ್ ಪಿಯಾನೊ ವಾದಕ ಕೌಂಟ್ ಬೇಸಿ ಅವರ ವಾದ್ಯವೃಂದದ 'ಒನ್ ಓ ಕ್ಲಾಕ್ ಜಂಪ್' ಬಹಳ ಹಿಡಿಸಿದೆ. ಲೇಬಲ್ಲಿನಲ್ಲಿ ಬೇಸಿ ಹೆಸರಷ್ಟೇ ಇದೆ. ಸ್ಯಾಕ್ಸೊಫೋನ್ ಸೋಲೊ ನುಡಿಸಿದವರು ಒಬ್ಬರೋ ಇಬ್ಬರೋ? ಗಿಟಾರ್, ಬೇಸ್ (ಮಂದ್ರ ಸ್ವರದ ದೊಡ್ಡ ತಂತಿವಾದ್ಯ) ಕಿವಿಗೆ ಬೀಳುವುದೇ ಇಲ್ಲವಲ್ಲ?
– ಓದುಗರು, ರಾಯಚೂರು

ಉತ್ತರ: ಇಬ್ಬರು. 1937ರ ಜುಲೈನಲ್ಲಿ ಡೆಕ್ಕಾ ಕಂಪನಿಗೆ ಮುದ್ರಿಸಿದ್ದು ಇದು. ತಾಳ ಎಣಿಸಲು ಬರುವ ನಿಮಗೆ ಗುರುತು ಹಿಡಿಯುವುದು ಸುಲಭ. ಬಾರ್‌ಗೆ 4 ಏಟು, 12 ಬಾರ್‌ಗೆ ಒಂದು ಆವರ್ತ. ಹಾಗಾಗಿ 48 ಏಟಿಗೊಮ್ಮೆ ಸರದಿ ಬದಲಾಗುತ್ತದೆ. ಪಿಯಾನೊದ ಆರಂಭದಿಂದಲೇ ಎಣಿಸಬೇಡಿ. ಮುನ್ನುಡಿ ಮತ್ತು ಶ್ರುತಿ ಬದಲಾಗುವ ತುಣುಕು ಈ ಲೆಕ್ಕಕ್ಕೆ ಸೇರುವುದಿಲ್ಲ. ಮೊದಲ ಸ್ಯಾಕ್ಸೊಫೋನ್ ಬಂದಾಗ ಒಂದು ಎನ್ನಿ. ಅದು ಹರ್ಷಲ್ ಇವಾನ್ಸ್. ನಂತರ ಜಾರ್ಜ್ ಹಂಟ್ ಅವರ ಟ್ರೊಂಬೋನ್, ಲೆಸ್ಟರ್ ಯಂಗ್ ಅವರ ಸ್ಯಾಕ್ಸೊಫೋನ್, ಬಕ್ ಕ್ಲೇಟನ್ ಅವರ ಟ್ರಂಪೆಟ್. 10 ಇಂಚಿನ ಪ್ಲೇಟಿನ ಒಂದು ಬದಿಗೆ ಸುಮಾರು 3 ನಿಮಿಷವಷ್ಟೇ ಹಿಡಿಯುತ್ತಿದ್ದುದರಿಂದ ತಲಾ ಒಂದೇ ಆವರ್ತ, 20 ಸೆಕೆಂಡಿಗೂ ಕಡಿಮೆ.

ಇವಾನ್ಸ್ ಅವರ ನಾದ ದಪ್ಪ. ಎಳೆದ ಸ್ವರದ ಕೊನೆಯಲ್ಲಿ ಅಗಲವಾದ ಕಂಪನ ಕೇಳಿಸುತ್ತದೆ. ಯಂಗ್ ಅವರದು ಹಗುರ ನಾದ. ಕಂಪನ ತೀರಾ ಕಡಿಮೆ, ಸ್ವರ ನೆಟ್ಟಗೆ ನಿಲ್ಲುತ್ತದೆ. ಇಬ್ಬರ ಕೈಯಲ್ಲೂ ಟೆನರ್ ಸ್ಯಾಕ್ಸೊಫೋನೇ! ಈ ಎರಡು ಆವರ್ತಗಳನ್ನೇ ಮತ್ತೆ ಮತ್ತೆ ಹಾಕಿ ಕೇಳಿ, ಆಮೇಲೆ ಬೇರೆ ಪ್ಲೇಟಿನಲ್ಲೂ ಯಂಗ್ ಅವರನ್ನು ಗುರುತಿಸುತ್ತೀರಿ.

ಫ್ರೆಡ್ಡಿ ಗ್ರೀನ್ ಅವರ ಗಿಟಾರಿಗೆ ಆಂಪ್ಲಿಫೈಯರ್ ಇಲ್ಲ. ಏಟಿಗೊಂದು ಮೀಟು. ವಾಲ್ಟರ್ ಪೇಜ್ ಅವರ ಬೇಸ್ ಕೂಡ ಅದೇ ಏಟಿಗೆ ಬೀಳುವುದರಿಂದ ಎರಡೂ ಬೆರೆತುಹೋಗುತ್ತವೆ. ಕ್ಲೇಟನ್ ಮುಗಿಸಿದ ಮೇಲೆ ಬೇಸಿ ಬೆರಳೆಣಿಕೆಯಷ್ಟು ಸ್ವರ ನುಡಿಸುವ ಆವರ್ತವಿದೆ, ಅಲ್ಲಿ ಹುಡುಕಿ. ಮೊಬೈಲ್ ಸ್ಪೀಕರಿನಲ್ಲಿ ಬೇಸ್ ಸಿಗದು, ಹೆಡ್‌ಫೋನ್ ಬೇಕು. ಕರಕರ ಸದ್ದು ಅಡಗಿಸಲೆಂದು ಟ್ರೆಬಲ್ ಪೂರ್ತಿ ಇಳಿಸಿದರೆ ಡ್ರಮ್ ವಾದಕ ಜೊ ಜೋನ್ಸ್ ಅವರ ಹೈ-ಹ್ಯಾಟ್ (ಜೋಡಿ ಲೋಹದ ತಟ್ಟೆ) ತಾಳವೂ ಅದರ ಜೊತೆಗೇ ಹೋಗುತ್ತದೆ.

ಪ್ರಶ್ನೆ: ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳು ಸಿಕ್ಕಿವೆ. ಎಲ್‌ಪಿ ಪ್ಲೇಯರಿನಲ್ಲಿ ವೇಗ 78ಕ್ಕೆ ಇಟ್ಟರೂ ಬರೀ ಕೆರೆಯುವ ಸದ್ದು. ಸ್ಪಿರಿಟ್ಟಿನಿಂದ ಒರೆಸಲೇ?
– ಓದುಗರು, ಬಳ್ಳಾರಿ

ಉತ್ತರ: ಸ್ಪಿರಿಟ್ ಖಂಡಿತ ಬೇಡ. ಇವು ಅರಗಿನ ಪ್ಲೇಟುಗಳು, ಸ್ಪಿರಿಟ್ಟಿಗೆ ಅರಗು ಕರಗುತ್ತದೆ. ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಹಾಕಿ, ಮೆತ್ತನೆಯ ಬಟ್ಟೆ ಅದ್ದಿ ಹಿಂಡಿ, ಗೀರಿನ ಗುಂಟ ಸುತ್ತಲೂ ಒರೆಸಿ. ಲೇಬಲ್ ನೆನೆಯಬಾರದು. ನೆರಳಲ್ಲೇ ಒಣಗಿಸಿ, ನಿಮ್ಮೂರಿನ ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತವೆ. ಸದ್ದಿಗೆ ಮುಖ್ಯ ಕಾರಣ ಮುಳ್ಳು. ಎಲ್‌ಪಿ ಮುಳ್ಳಿನ ತುದಿಯ ತ್ರಿಜ್ಯ ಹೆಚ್ಚೆಂದರೆ 25 ಮೈಕ್ರಾನ್. ಅದು 78ರ ಅಗಲವಾದ ಗೀರಿನ ತಳಕ್ಕೆ ಇಳಿದು ಅಲ್ಲಿ ಕೂತ ಧೂಳನ್ನೇ ಕೆರೆಯುತ್ತದೆ. ಸುಮಾರು 75 ಮೈಕ್ರಾನಿನ, ಅಂದರೆ 3 ಮಿಲ್ (ಇಂಚಿನ ಸಾವಿರದ ಮೂರು ಭಾಗ) ಮುಳ್ಳು ಕೇಳಿ ತನ್ನಿ.

ಪ್ರಶ್ನೆ: ಬೇಸಿ ಆದಮೇಲೆ ಏನು ಕೇಳಲಿ?
– ಓದುಗರು, ಕೊಪ್ಪಳ

ಉತ್ತರ: ಡ್ಯೂಕ್ ಎಲಿಂಗ್ಟನ್ ವೃಂದದ 1940ರ 'ಕಾಟನ್ ಟೇಲ್'. ಟೆನರ್ ಬೆನ್ ವೆಬ್‌ಸ್ಟರ್, ಬೇಸ್ ಜಿಮ್ಮಿ ಬ್ಲ್ಯಾಂಟನ್. 1942ರಲ್ಲಿ 23ನೇ ವಯಸ್ಸಿಗೇ ತೀರಿಕೊಂಡ ಬ್ಲ್ಯಾಂಟನ್ ಅವರ ಬೆರಳು ಚೆನ್ನಾಗಿ ಕೇಳಬೇಕೆಂದರೆ 1940ರದೇ 'ಜ್ಯಾಕ್ ದ ಬೇರ್' ಹಾಕಿ.